ಮಾನೌಮಿಯಿಂದ ಪಾಡ್ಯೆದ ತನಕ ನಮ್ಮ ದಂದಕ್ಕಿ

ಹಸ್ತದ ಮಳಿ ಹೊಳವಾದ ಮರುದಿನ ಮುಂಜಾನೆ ಎಲ್ಲಾರೂ ಆಕಾಶ ನೋಡಿದ್ರ, ನಮ್ಮ ಆಯಿ ಹಿತ್ತಲ ಗ್ವಾಡಿ ನೋಡತಿದ್ಲು. ಗ್ವಾಡಿ ಒಣಗೇತಿ ಅಂದ್ರ ಕುಳ್ಳು ಬಡಿಯಾಕ ಬರತೈತಿ. ಜೂನದಿಂದ ಹಿಡದು ಅಲ್ಲೀತನಕ ಹೆಂಡಿ ಎಲ್ಲಾ ತಿಪ್ಪಿಗೇ ಹೋಗಬೇಕು, ಒಣಗಾಕ ಬಿಸಲs ಇರೂದಿಲ್ಲ. ಹಂಗಾಗಿ ನಮ್ಮ ಮನ್ಯಾಗ ಒಂದು ಲೆಕ್ಕ ಇತ್ತು: ಮಳಿಗಾಲದ ಹೆಂಡಿ ಹೊಲದ್ದು, ಮಾನೌಮಿ ಮ್ಯಾಲಿನ ಹೆಂಡಿ ಒಲಿದು. ಬ್ಯಾಸಗಿ ಮುಗಿಯೂತನಕ ಒಲಿಗೆ ಬೇಕಾಗೂ ಕುಳ್ಳು ಈ ಎರಡು ತಿಂಗಳದಾಗ ಬಡದು ಒಟ್ಟಲ ಒಟ್ಟಬೇಕು. ನಾನು ಸಣ್ಣಾಕಿ ಇದ್ದಾಗ ಈ ಕೆಲಸಕ್ಕ ಬ್ಯಾಸರಾಗಿ ಅಳತಿದ್ದೆ. ಕೈ ವಾಸನಿ ಹೋಗೂದಿಲ್ಲ ಅಂತ ಸಾಲಿಗೆ ಹೋಗೂ ಮೊದಲು ಹುಣಸಿಹಣ್ಣು ತಿಕ್ಕೊಂಡು ಕೈ ತೊಳಕೊಳ್ಳತಿದ್ದೆ. ಈಗ ಅದನ್ನ ಬರಿಯಾಕ ಕುಂತೀನಿ ನೋಡ್ರಿ.

ಪಂಚಾಂಗದಾಗ ಇದಕ್ಕ ಶರದೃತು ಅಂತಾರ. ನಮ್ಮ ಮನ್ಯಾಗ ಆ ಮಾತು ಯಾರೂ ಆಡಿದ್ದು ನಾ ಕೇಳಿಲ್ಲ. ಮಳಿ ಹೆಸರಲೆನs ದಿನಾ ಎಣಸತಿದ್ರು. ಸಪ್ಟೆಂಬರ್ ಕಡೀಕ ಹಸ್ತ, ಅಕ್ಟೋಬರ್ ನಡಬರಕ ಚಿತ್ತಿ, ಅದು ಮುಗದ ಕೂಡಲೆ ಸ್ವಾತಿ, ನವೆಂಬರದಾಗ ವಿಶಾಖಿ. ಒಂದೊಂದು ಮಳಿಗೂ ಒಂದೊಂದು ಕೆಲಸ ಗಂಟು ಹಾಕಿತ್ತು. ನಮ್ಮದು ಜಮಖಂಡಿ ಸೀಮಿ, ಕೃಷ್ಣಾ ಹೊಳಿ ದಂಡಿ ಕರಿ ಭೂಮಿ. ಮುಂಗಾರಿಗಿಂತಾ ಹಿಂಗಾರಿ ಜ್ವಾಳನs ನಮಗ ಜೀವ. ಜ್ವಾಳ ಅಂದ್ರ ಮಂದಿಗೆ ರೊಟ್ಟಿ, ದನಕ್ಕ ಕಣಿಕಿ. ಹೊಲದಾಗ ಒಂದs ಬೆಳಿ, ತಿನ್ನೂ ಬಾಯಿ ಎರಡು ಥರದ್ದು. ನಮ್ಮ ಕಡೆ ಎಲ್ಲಾರೂ ಬಿತ್ತೂ ಮಾಲದಂಡಿ, ಎಂ 35-1 ಅಂತ ಚೀಟಿ ಮ್ಯಾಲ ಬರೀತಾರಲ್ಲ, ಅದು ಸೋಲಾಪುರ ಜಿಲ್ಲಾದ ಮೋಹೋಳದಾಗ 1930ರ ದಶಕದಾಗ ಊರ ಜ್ವಾಳದಿಂದನs ಆರಿಸಿ ತೆಗೆದ ತಳಿ. ಎಷ್ಟೋ ಹೊಸಾ ಜ್ವಾಳ ಬಂದು ಹ್ವಾದವು. ಅದು ಉಳದದ್ದಕ್ಕ ಒಂದು ದೊಡ್ಡ ಕಾರಣ ಕಣಿಕಿ. ಕಾಳು ಎಷ್ಟs ಬರಲಿ, ಕಣಿಕಿ ಗಿಡ್ಡ ಆದ್ರ ನಮ್ಮ ರೈತ ಅಂಥಾ ಬೀಜ ಮುಟ್ಟೂದಿಲ್ಲ.

ಹಳೇ ಮನಿ ನೋಡಿದವರಿಗೆ ನೆನಪಿರತೈತಿ. ತಲಬಾಗಲಾ ದಾಟಿದ ಕೂಡಲೆ ದಂದಕ್ಕಿ, ಅದಕ್ಕ ಹತ್ತಿ ಎತ್ತರದ ಕಟ್ಟಿ, ಕಟ್ಟಿ ಮ್ಯಾಲ ಪಡಸಾಲಿ, ಒಳಗ ಅಡಗಿಮನಿ. ಗ್ವಾದಲಿ ಕಟ್ಟಿಗೇ ಹತ್ತಿಸಿ ಮಾಡಿರತಿದ್ರು. ಪಡಸಾಲ್ಯಾಗ ಮಲಗಿದವರ ತಲಿ ಕಡೆ ಎತ್ತು ಮೇವು ಅಗಿಯೂ ಸಪ್ಪಳ. ಹೊರಗಿನ ಊರಿಂದ ಸೊಸಿಯಾಗಿ ಬಂದವರು ಮೊದಲ ರಾತ್ರಿ ನಿದ್ದಿ ಹತ್ತಲಿಲ್ಲ ಅಂತಿದ್ರು, ವರ್ಷ ತುಂಬೂದ್ರಾಗ ಆ ಸಪ್ಪಳ ಇಲ್ಲದ ನಿದ್ದಿ ಬರಲಾರದಂಗ ಆಗತಿತ್ತು. ಮನ್ಯಾಗ ದನಾ ಕಟ್ಟೂದು ಹೊಲಸು ಅಂತ ಈಗಿನ ಹುಡುಗೂರು ಮೂಗು ಮುರೀತಾರ. ಕಳ್ಳರ ಭಯ ಒಂದು, ಥಂಡಿ ಒಂದು, ಅದಕ್ಕಿಂತಾ ದೊಡ್ಡ ಕಾರಣ ಈ ಹಂಗಾಮದ್ದs: ನಡುರಾತ್ರಿ ಎಮ್ಮಿ ಈಯಾಕ ಬ್ಯಾನಿ ತಿಂದ್ರ ಮಲಗಿದ ಜಾಗಾದಾಗನs ಗೊತ್ತಾಗಬೇಕು.

ಎಮ್ಮಿ ಈಯೂ ಕಾಲ ಇದು. ಆಕಳಾ ವರ್ಷದಾಗ ಯಾವಾಗರ ಈದೀತು. ಎಮ್ಮಿ ಹಂಗಲ್ಲ, ಹಗಲು ಸಣ್ಣಾಗೂ ಥಂಡಿಯಾಗ ಹೆಚ್ಚಾಗಿ ಬೆದೀಗೆ ಬರತೈತಿ, ಹತ್ತು ತಿಂಗಳ ಮ್ಯಾಲ ಹೊರತೈತಿ, ಹಂಗಾಗಿ ಬಾಳಷ್ಟು ಎಮ್ಮಿ ಮಾನೌಮಿ, ದೀಪಾವಳಿ ಸುತ್ತಮುತ್ತನs ಈಯತಾವು. ಅದs ಹೊತ್ತಿಗೆ ಬದುವಿನ ಮ್ಯಾಲ ಹಸರು ಹುಲ್ಲು, ಶೇಂಗಾ ಕಿತ್ತ ಮ್ಯಾಲ ಶೇಂಗಾ ಹೊಟ್ಟು, ಸಜ್ಜಿ ಕೊಯ್ದ ಹೊಲದಾಗ ಕೂಳಿ. ಮೇವಿಗೆ ಬರಾ ಇಲ್ಲ, ಹಾಲಿಗೂ ಬರಾ ಇಲ್ಲ. ಓಣಿ ತುಂಬ ಗಿಣ್ಣದ ಬಟ್ಟಲ ತಿರಗ್ಯಾಡತಿದ್ದವು. ಗಿಣ್ಣದ ಬಟ್ಟಲ ಬರೇ ಹೊಳ್ಳಿ ಕೊಡಬಾರದು, ಒಂದು ಚೂರು ಬೆಲ್ಲಾನರ ಹಾಕಿ ಕೊಡಬೇಕು. ಇದನ್ನ ಮರತ ನೆಗೆಣ್ಣಿ ಬಗ್ಗೆ ನಮ್ಮ ದೊಡ್ಡವ್ವ ಇಪ್ಪತ್ತು ವರ್ಷ ಆದ್ರೂ ಮಾತಾಡತಿದ್ಲು, ಆ ಮಾತು ಬಿಡ್ರಿ.

ಹಾಲು ಹೆಚ್ಚಾತು ಅಂದ್ರ ಹೆಣ್ಮಕ್ಕಳ ನಿದ್ದಿ ಕಡಿಮಿ ಆತು ಅಂತನs ತಿಳೀರಿ. ನಸಿಕಿನ್ಯಾಗ ಎದ್ದು ಹೆಂಡಿಕಸ, ಹಾಲು ಹಿಂಡೂದು, ಕರಾ ಬಿಡೂದು, ಕಂಬಕ್ಕ ಹಗ್ಗ ಹಾಕಿ ಮಜ್ಜಿಗಿ ಕಡಿಯೂದು. ಬೆಳಕು ಹರಿಯೂದ್ರಾಗ ಬೆಣ್ಣಿ ಮ್ಯಾಲ ಬಂದಿರಬೇಕು, ಬಿಸಲು ಏರಿದ್ರ ಬೆಣ್ಣಿ ಮೆತ್ತಗಾಗಿ ಗಟ್ಟಿ ಆಗೂದಿಲ್ಲ. ಹತ್ತಿಕಾಳು ರಾತ್ರಿನs ನೆನಿಯಿಟ್ಟು ಒಳ್ಳಾಗ ರುಬ್ಬಿ ಎಮ್ಮಿಗೆ ಇಡೂದು. ಅದನ್ನ ತಿಂದ ಎಮ್ಮಿ ಹಾಲಿನ ಕೆನಿ ದಪ್ಪ, ತುಪ್ಪಕ್ಕ ಹರಳು ಬೀಳತೈತಿ. ಬೆಣ್ಣಿ ಒಂಬತ್ತು ಹತ್ತು ದಿನಕ್ಕೊಮ್ಮೆ ಕಾಸಿ, ಎಲಿ ಹಾಕಿ ಇಳಿಸಿ, ಹರಿವ್ಯಾಗ ತುಂಬಿಡೂದು. ದೀಪಾವಳಿಗೆ ಮನೀಗೆ ಬೇಕಾದಷ್ಟು ತೆಗೆದು ಉಳದದ್ದು ಜಮಖಂಡಿ ಸಂತಿಗೆ. ಹಾಲು ಮಾರತಿರಲಿಲ್ಲ. ಹಾಲು ಮಾರಿದ್ರ ದನಕ್ಕ ದೃಷ್ಟಿ ಆಗತೈತಿ ಅನ್ನೂ ನಂಬಿಕಿ ಒಂದು. ಕೊಳ್ಳಾವರು ಯಾರು ಅನ್ನೂದು ಇನ್ನೊಂದು, ಎಲ್ಲಾರ ಮನ್ಯಾಗೂ ಎಮ್ಮಿ ಇದ್ದವಲ್ಲ.

ಇಷ್ಟೆಲ್ಲಾ ಯಾಕ ಹೇಳಿದೆ ಅಂದ್ರ, ನಮ್ಮ ಸೀಮಿ ದನದ ಇತಿಹಾಸ ಬರದವರು ಎತ್ತಿನ ಇತಿಹಾಸ ಬರದಾರ. ಅದು ದೊಡ್ಡದs ಐತಿ, ಸುಳ್ಳಲ್ಲ.

1876ರಿಂದ 78ರ ತನಕ ಬಿದ್ದ ಬರದಾಗ ಮುಂಬೈ ಇಲಾಖೆಯೊಳಗ ಬಾಳ ಪೆಟ್ಟು ತಿಂದ ಜಿಲ್ಲಾಗಳೊಳಗ ನಮ್ಮ ಕಲಾದಗಿ ಜಿಲ್ಲಾ ಒಂದು. ಮುಂದ 1885ರಾಗ ಅದs ಬಿಜಾಪುರ ಜಿಲ್ಲಾ ಆತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವ ಆ ಜಿಲ್ಲಾದ ಮಂದಿ ಹತ್ರ ಹತ್ರ ಐದರಾಗ ಒಂದು ಪಾಲು ಕಡಿಮಿ ಆದ್ರು. ಸತ್ತವರು, ಊರು ಬಿಟ್ಟು ಹೋದವರು ಎಲ್ಲಾ ಸೇರಿ. ಮಂದಿಗೇ ಹಂಗಾದಾಗ ದನದ ಮಾತೇನು. ಮೇವಿಲ್ಲದ ಸತ್ತವು, ಬಂದಷ್ಟಕ್ಕ ಮಾರಿ ಹ್ವಾದವು. 1877ರ ಸಪ್ಟೆಂಬರಿಗೆ ಮಳಿ ಹಿಡದಾಗ, ಅಂದ್ರ ಇದs ಹಂಗಾಮದಾಗ, ಹೊಲಾ ಹಸಿ ಆಗಿತ್ತು, ಹೂಡಾಕ ಎತ್ತು ಇಲ್ಲದ ಮನಿ ಎಷ್ಟೋ.

ಜಮಖಂಡಿ, ಸಾಂಗ್ಲಿ, ಮಿರಜ ಇವೆಲ್ಲಾ ಪಟವರ್ಧನ ಮನೆತನದ ಸಂಸ್ಥಾನ. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಾಗ ಕೃಷ್ಣಾ ದಂಡಿ ಜಿಗಟು ಕರಿ ಭೂಮಿಗೆ ತಕ್ಕ ಎತ್ತು ಬೇಕಂತ ಈ ಸಂಸ್ಥಾನದವರು ಗುಜರಾತ ಕಡೆಯ ಗೀರ್, ಕಾಂಕ್ರೇಜ್, ಆಂಧ್ರದ ಓಂಗೋಲ್, ಮೈಸೂರು ಕಡೆ ದನಾ, ಇವನ್ನ ಊರ ದನದ ಜೋಡಿ ಕೂಡಿಸಿ ಒಂದು ತಳಿ ಬೆಳಿಸಿದ್ರು. ಪುಸ್ತಕದಾಗ ಅದಕ್ಕ ಕೃಷ್ಣಾ ವ್ಯಾಲಿ ಅಂತಾರ. ಬಿಳೆ ಮೈ, ದೊಡ್ಡ ಎದಿ, ಜೋಲಾಡೂ ಗಂಗಿದೊಗಲು, ನಿಧಾನ ನಡಿಗಿ. ಓಟಕ್ಕ ಖಿಲಾರಿ, ಜಗ್ಗಾಕ ಇದು. ಮುತ್ಯಾ ಖಿಲಾರಿ ಕಂಡ್ರ ಹುಚ್ಚಾಗತಿದ್ದ, ಆಯಿಗೆ ಕೃಷ್ಣಾ ದಂಡಿ ಎತ್ತನs ಸೇರತಿದ್ದವು. ಕಾರಣ ಸಾದಾ: ಸಂಜಿ ಮುಂದ ದನಾ ಬಿಚ್ಚಿ ನೀರಿಗೆ ಹೊಡಕೊಂಡು ಹೋಗಾಕಿ ಆಕಿ. ಖಿಲಾರಿ ಸೆರಗು ಕಂಡ್ರೂ ಬೆದರತಿದ್ದವು.

ಅದs ಕಾಲಕ್ಕ ಕಬ್ಬಿಣ ರೆಂಟಿ ಬಂತು. ಗುರ್ಲಹೊಸೂರಾಗ 1869ರಾಗ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರ ಬೆಳಗಾವ್ಯಾಗ ಸೈಕಲ್ ಅಂಗಡಿ ಇಟ್ಟಿದ್ರು, ಮೊದಲು ಮಾಡಿದ್ದು ಮೇವು ಕತ್ತರಿಸೂ ಯಂತ್ರ, ಆಮ್ಯಾಲೆ 1903ರ ಹೊತ್ತಿಗೆ ಕಬ್ಬಿಣ ರೆಂಟಿ. ಕಬ್ಬಿಣ ತಾಗಿದ್ರ ಭೂಮಿಗೆ ವಿಷಾ ಏರತೈತಿ ಅಂತ ಹೆದರಿ ರೈತರು ಮೊದಲಿಗೆ ಕೊಳ್ಳಲಿಲ್ಲ. ಕೊಂಡ ಮ್ಯಾಲ ಬಿಡಲಿಲ್ಲ. ಆಳಕ್ಕ ಇಳದ ಕರಕಿ ಬೇರು ಕಟಗಿ ರೆಂಟಿಗೆ ಬಗ್ಗತಿರಲಿಲ್ಲ, ದೊಡ್ಡ ಕಬ್ಬಿಣ ರೆಂಟಿ ಅದನ್ನ ಬುಡಮೇಲು ಮಾಡತಿತ್ತು. ಆದ್ರ ಅದನ್ನ ಜಗ್ಗಾಕ ನಾಕು, ಒಮ್ಮೊಮ್ಮೆ ಆರು ಜೋಡಿ ಎತ್ತು ಹೂಡಬೇಕು. ಒಂದು ಮನ್ಯಾಗ ಅಷ್ಟು ಎತ್ತು ಎಲ್ಲಿರಬೇಕು? ಹಂಗಾಗಿ ಮುಯ್ಯಿ. ಇವತ್ತು ನಿಮ್ಮ ಹೊಲಾ, ನಾಳೆ ನಮ್ಮ ಹೊಲಾ. ಗಂಡಸರ ಮುಯ್ಯಿ ಎತ್ತಿಂದು, ಹೆಂಗಸರ ಮುಯ್ಯಿ ರೊಟ್ಟಿದು. ಆರು ಜೋಡಿ ಎತ್ತಿನ ಹಿಂದ ಬರೂ ಮಂದಿಗೆ ಬುತ್ತಿ ಕಟ್ಟಬೇಕಂದ್ರ ನಾಕು ಮನಿ ಹೆಂಚು ಒಮ್ಮೆ ಕಾಯಬೇಕು.

ಹಿಂಗಾರಿ ಬಿತ್ತೂದು ಹಸ್ತ, ಚಿತ್ತ್ಯಾಗ. ಕೂರಿಗಿಗೆ ಪೂಜಾ ಮಾಡಿ, ಉಡಿ ತುಂಬಿ, ಎತ್ತಿನ ಪಾದಕ್ಕ ನೀರು ಹಾಕಿ ಶುರು ಮಾಡೂದು. ಕೂರಿಗಿ ಹಿಡಿಯೂದು ಗಂಡಸು, ಬಟ್ಟಲದಾಗ ಬೀಜ ಬಿಡೂದು ಹೆಂಗಸು. ಎತ್ತಿನ ಹೆಜ್ಜಿ ಅಳತಿಗೆ ಮುಷ್ಟಿ ಸಡಲ ಬಿಡಬೇಕು. ಬಿಗಿ ಆತು ಅಂದ್ರ ಸಾಲು ಬೋಳು, ಸಡಲ ಆತು ಅಂದ್ರ ಸಸಿ ಮೋಪು. ಸಸಿ ಎದ್ದ ಮ್ಯಾಲ ಊರ ಮಂದಿ ಬದು ಮ್ಯಾಲ ನಿಂತು ಸಾಲು ನೋಡಿನs ಹೇಳತಿದ್ರು, ಇದು ಯಾರ ಸೊಸಿ ಕೈ ಅಂತ. ನಮ್ಮ ಆಯಿ ಕೈ ಬಗ್ಗೆ ಊರಾಗ ಚಲೋ ಮಾತಿತ್ತು. ಆದ್ರ ಹೊಲದ ಉತಾರದಾಗ ಆಕಿ ಹೆಸರು ಬಂದದ್ದು ಮುತ್ಯಾ ಸತ್ತ ಮ್ಯಾಲ, ಅದೂ ಮೂರು ಗಂಡಮಕ್ಕಳ ಹೆಸರಿನ ಕೆಳಗ.

ಸೀಗಿ ಹುಣ್ಣಿಮಿಗೆ ಹೊಲದಾಗ ಚರಗ ಚೆಲ್ಲೂದು, ಕಡಬು, ಎಣ್ಣಿಹೋಳಿಗಿ, ಎಣಗಾಯಿ, ಗುರೆಳ್ಳು ಚಟ್ನಿ ಎಲ್ಲಾ ನಿಮಗs ಗೊತ್ತಿದ್ದದ್ದು, ಅದನ್ನ ಬಿಟ್ಟು ಪಾಡ್ಯೆಕ್ಕ ಬರತೀನಿ.

ದೀಪಾವಳಿ ಪಾಡ್ಯೆದ ಮುಂಜಾನೆ ಹೆಂಡಿಲೆ ಪಾಂಡವರನ್ನ ಮಾಡೂದು. ಅವತ್ತಿನ ಹೆಂಡಿ ನೆಲಕ್ಕ ಬೀಳೂದ್ರಾಗ ಬುಟ್ಯಾಗ ಹಿಡೀಬೇಕು ಅಂತ ಆಯಿ ಹಟಾ. ಎಮ್ಮಿ ಹಿಂದ ಬುಟ್ಟಿ ಹಿಡಕೊಂಡು ನಾವು ನಾಕು ಮಂದಿ ಹುಡುಗೂರು ನಿಂತು ನಕ್ಕೂ ನಕ್ಕೂ ಸಾಯತಿದ್ದಿವಿ. ಸಣ್ಣ ಸಣ್ಣ ಗುಂಪಿ ಮಾಡಿ, ಐದು ಮಂದಿಗೆ ದ್ರೌಪದಿ ಕೂಡಿಸಿ, ಉತ್ತರಾಣಿ ಕಡ್ಡಿ, ಚೆಂಡು ಹೂ, ಗುರೆಳ್ಳು ಹೂ, ಜ್ವಾಳದ ಎಳೆ ಗರಿ ಸಿಗಸಿ, ಮ್ಯಾಲ ಅರಿಷಿಣ ಕುಂಕುಮ. ಹೊಸ್ತಲದಾಗ, ದಂದಕ್ಯಾಗ, ಒಲಿ ಮುಂದ, ಬೀಸೂಕಲ್ಲಿನ ಹತ್ರ, ತಿಪ್ಪಿ ಮ್ಯಾಲ ಸುದ್ದಾ ಒಂದೊಂದು ಇಡೂದು. ಕೆಲವು ಮನ್ಯಾಗ ಇದಕ್ಕ ಹಟ್ಟೆವ್ವ ಅಂತಾರ, ಲಕ್ಕವ್ವ ಅಂತನೂ ಪೂಜಾ ಮಾಡತಾರ. ಪಾಂಡವರು ವಿರಾಟನ ದನಾ ಉಳಸಿದ್ರು ಅದಕ್ಕ ಅಂತ ಪುರಾಣ ಹೇಳಾವರು ಹೇಳತಾರ. ನನಗ ಅನಸೂದು ಬ್ಯಾರೆ. ಹಬ್ಬದ ದಿನಾ ಗಂಡಸರು ಎತ್ತಿನ ಕೋಡು ಹೆರದು ಬಣ್ಣಾ ಹಚ್ಚಿ, ಝೂಲಾ ಹಾಕಿ, ಗೆಜ್ಜಿ ಕಟ್ಟಿ ಮೆರಸತಾರ. ಹೆಂಗಸರು ಎರಡು ತಿಂಗಳಿಂದ ಕೈಯಾಗ ಹಿಡದದ್ದನ್ನs ತಗೊಂಡು ದೇವರನ್ನ ಮಾಡತಾರ. ಸಂಜೀಕ ಹುಡುಗೂರು ಆಣೀಪೀಣಿ ದೀವಟಿಗಿ ಹಿಡಕೊಂಡು ಮನಿ ಮನಿ ದನಕ್ಕ ಬೆಳಗಾಕ ಬಂದಾಗ ಅವಕ್ಕ ಎಣ್ಣಿ ಹಾಕೂದೂ ಆಯಿ ಕೆಲಸನs. ಹಬ್ಬ ಮುಗದ ಮ್ಯಾಲ ಪಾಂಡವರನ್ನ ತಗದು ಮಾಳಿಗಿ ಮ್ಯಾಲ ಒಣಗಾಕ ಇಡತಿದ್ರು.

ಈಗ ಮುತ್ಯಾನ ಚೋಪಡಿ ಮಾತು. ಹ್ವಾದ ವರ್ಷ ಹಳೇ ಟ್ರಂಕ ತಗದಾಗ ಸಿಕ್ತು. ಮೋಡಿ ಅಲ್ಲ, ಕನ್ನಡದಾಗನs ಬರದಾನ. ಬೀಜ, ಸಾಲ, ಎತ್ತಿನ ವ್ಯಾಪಾರ, ಜಾತ್ರಿ ಖರ್ಚು. ಜಮಖಂಡಿ ಸಂಸ್ಥಾನ 1948ರ ಮಾರ್ಚದಾಗ ಮುಂಬೈ ಪ್ರಾಂತಕ್ಕ ಸೇರಿತು, ಅದರ ಹಿಂದಿನ ದೀಪಾವಳಿ ಪುಟದಾಗ ಒಂದು ಸಾಲು ಐತಿ: ದೊಡ್ಡ ಬ್ಯಾನಿಗೆ ಜೋಡಿ ಎತ್ತು ಹ್ವಾದವು. ಆಮ್ಯಾಲೆ ಎರಡು ಪುಟಾ ದಾಟಿ ಇನ್ನೊಂದು: ಹೊಸಾ ಜೋಡಿ ತಂದದ್ದು. ರೊಕ್ಕದ ಅಂಕಿ ಮ್ಯಾಲ ಮಸಿ ಹರಡಿ ಓದಾಕ ಬರೂದಿಲ್ಲ. ಆ ರೊಕ್ಕ ಎಲ್ಲಿಂದ ಬಂತು ಅನ್ನೂದು ಬರದೂ ಇಲ್ಲ. ಸಾಲದ ಪುಟದಾಗ ಆ ವರ್ಷ ಹೊಸಾ ಸಾಲ ಇಲ್ಲ. ಹೊಲಾ ಒತ್ತಿ ಹಾಕಿದ್ದಿಲ್ಲ.

ಅದು ನನಗ ಗೊತ್ತೈತಿ, ಯಾಕಂದ್ರ ಆಯಿ ಬಾಯಿಲೆ ಹತ್ತು ಸಲ ಕೇಳೀನಿ. ಮೂರು ಹಂಗಾಮದ ತುಪ್ಪದ ರೊಕ್ಕ ಆಕಿ ಜ್ವಾಳದ ಹಗೇವಿನ ಹತ್ರ ಗಡಗ್ಯಾಗ ಹುಗಿದಿಟ್ಟಿದ್ಲು. ಮಗಳ ಲಗ್ನಕ್ಕ ಅಂತ. ಎತ್ತು ಸತ್ತ ಎಂಟನೇ ದಿನಕ್ಕ ಗಡಗಿ ತಗದು ಮುತ್ಯಾನ ಮುಂದ ಇಟ್ಲು. ಬಿತ್ತೂ ಹಸಿ ಆರೂದ್ರಾಗ ಎತ್ತು ಬರಬೇಕಲ್ಲ. ಮುತ್ಯಾ ಏನೂ ಅನಲಿಲ್ಲಂತ, ಎದ್ದು ರುಂಬಾಲ ಸುತಗೊಂಡು ಸಂತಿಗೆ ಹ್ವಾದನಂತ. ನಮ್ಮ ಸೋದರತ್ತಿ ಲಗ್ನ ಎರಡು ವರ್ಷ ಮುಂದಕ್ಕ ಹೋತು. ಅತ್ತಿಗೆ ಆ ಸಿಟ್ಟು ಕಡೀತನಕ ಇತ್ತು, ಅದನ್ನೂ ಬರೀಬೇಕಲ್ಲ. ಮುತ್ಯಾ ಕೆಟ್ಟಾಂವ ಇದ್ದಿಲ್ಲ, ಬರಿಬಾರದು ಅಂತ ಬಿಟ್ಟಾಂವ ಅಲ್ಲ. ತುಪ್ಪದ ರೊಕ್ಕ ಚೋಪಡ್ಯಾಗ ಬರಿಯೂ ಥರದ ರೊಕ್ಕ ಅಂತ ಅವನಿಗೆ ಅನಿಸಿರಲಿಲ್ಲ, ಅಷ್ಟs.

ಸರಕಾರದ್ದೂ ಇದs ಕಥಿ. ಹಿಂದೂಸ್ತಾನದಾಗ ಮೊದಲ ಜಾನುವಾರು ಗಣತಿ ಆದದ್ದು 1919-20ರಾಗ, 2019ಕ್ಕ ಇಪ್ಪತ್ತನೇದ್ದು ಆತು. ಎತ್ತೆಷ್ಟು, ಎಮ್ಮಿ ಎಷ್ಟು, ಮಣಕ ಎಷ್ಟು ಎಲ್ಲಾ ಎಣಿಸ್ಯಾರ. ಹೆಂಡಿಕಸ ಮಾಡೂ ಕೈ ಎಷ್ಟು ಅಂತ ಕೇಳಾಕ ನಮ್ಮ ಮನೀಗೆ ಯಾರೂ ಬಂದಿಲ್ಲ.

ದೊಡ್ಡ ಬ್ಯಾನಿ ಮಾತು ಬಂತು ಅಂತ ಹೇಳತೀನಿ. ಆ ರೋಗಕ್ಕ ಮದ್ದು ಹುಡಕಾಕ ಇಂಗ್ರೇಜರು 1889ರಾಗ ಪುಣೇದಾಗ ಒಂದು ಪ್ರಯೋಗಶಾಲೆ ತಗದು ಆಮ್ಯಾಲೆ ಹಿಮಾಲಯದ ಮುಕ್ತೇಶ್ವರಕ್ಕ ಒಯ್ದ್ರು. 1954ರಿಂದ ದೇಶದ ತುಂಬ ಸೂಜಿ ಹಾಕೂ ಕಾರ್ಯಕ್ರಮ ನಡೀತು. 1995ರಾಗ ನಮ್ಮ ದೇಶದಾಗ ಕಡೀ ದನಾ, 2011ರಾಗ ಜಗತ್ತಿನಿಂದನs ಆ ರೋಗ ಹೋತು ಅಂತ ಸಾರಿದ್ರು. ಮನಷ್ಯಾರ ದೇವಿ ರೋಗ ಬಿಟ್ರ ಹಿಂಗ ಬೇರು ಸಹಿತ ಹ್ವಾದ ರೋಗ ಅದೊಂದs. ಆಯಿ ಇರಬೇಕಿತ್ತು ಇದನ್ನ ಕೇಳಾಕ.

1972ರ ಬರದಾಗ ನಮ್ಮ ಮನಿ ಎಮ್ಮಿ ಮೂರರಾಗ ಒಂದು ಉಳೀತು. ಆಮ್ಯಾಲೆ ಕಾಲ ಜಲ್ದಿ ಓಡಿತು. ಹೊಳಿ ನೀರು ಎತ್ತೂ ಪಂಪು, ಕಬ್ಬು, ಸಕ್ಕರಿ ಕಾರಖಾನಿ, ಟ್ರ್ಯಾಕ್ಟರ್. ಎತ್ತು ಹ್ವಾದವು, ಕೃಷ್ಣಾ ದಂಡಿ ತಳಿ ಈಗ ಹುಡಕಬೇಕು. 1970ರಾಗ ಹಾಲಿನ ಕ್ರಾಂತಿ ಶುರುವಾತು, ನಮ್ಮ ರಾಜ್ಯದಾಗ 1974ರಿಂದ ಸಹಕಾರಿ ಡೇರಿ ಕಟ್ಟಿದ್ರು, ಜರ್ಸಿ ಬಂತು, ಎಚ್‌ಎಫ್ ಬಂತು. ಹಾಲು ಮಾರಬಾರದು ಅನ್ನೂ ನಂಬಿಕಿ ಒಂದs ತಲಿಮಾರಿನ್ಯಾಗ ಮಾಯ ಆತು. ಅವ್ವ ಮುಂಜಾನೆ ಸಂಜೀಕ ಕ್ಯಾನ ಹೊತಗೊಂಡು ಡೇರಿಗೆ ಹೋಗಾಕ ಹತ್ತಿದ್ಲು. ಮಜ್ಜಿಗಿ ಕಡಿಯೂ ಕಂಬ ಖಾಲಿ ಆತು. ಹಾಲಿನ ರೊಕ್ಕ ಮೊದಲಿಗೆ ಅಪ್ಪನ ಹೆಸರಿಗೆ ಬರತಿತ್ತು, ಊರಾಗ ಹೆಣ್ಮಕ್ಕಳ ಸಂಘ ಆದ ಮ್ಯಾಲ ಅವ್ವನ ಖಾತೆಕ್ಕ. ಪಾಸಬುಕ್ಕಿನ್ಯಾಗ ಹಾಲಿನ ರೊಕ್ಕದ ಮುಂದ ತನ್ನ ಹೆಸರು ನೋಡಿ ಅವ್ವ ಬಾಳ ಹೊತ್ತು ಏನೂ ಮಾತಾಡಲಿಲ್ಲ. ಆಮ್ಯಾಲೆ ಅದನ್ನ ಒಯ್ದು ದೇವರ ಜಗಲಿ ಮ್ಯಾಲ ಇಟ್ಲು. ಕುಂಕುಮ ಬಿದ್ದು ಮೊದಲ ಪುಟಾ ಇನ್ನೂ ಕೆಂಪಗ ಐತಿ.

2022ರ ಹಸ್ತದಾಗ ಚರ್ಮಗಂಟು ರೋಗ ನಮ್ಮ ಕಡೆ ಬಂತು. ದನದ ಸಂತಿ ಬಂದ ಮಾಡಿದ್ರು. ನಮ್ಮ ಎಮ್ಮಿನ ಹ್ವಾದ ವರ್ಷನs ಮಾರಿದ್ದಿವಿ, ಇದ್ದದ್ದು ಒಂದs ಆಕಳಾ. ಗೌರಿ ಅಂತ ಕರೀತಿದ್ದಿವಿ. ಮೊದಲು ಕಾಲು ಬಾತವು, ಆಮ್ಯಾಲೆ ಮೈ ತುಂಬ ಗಂಟು. ಅವ್ವ ಅರಿಷಿಣ, ಬೇವಿನ ಎಲಿ ಅರದು ಹಚ್ಚಿದ್ಲು, ಡಾಕ್ಟರ ಬಂದು ಸೂಜಿ ಹಾಕಿದ್ರು, ಹದಿನಾಕು ದಿನಾ ಕೈಯಾಗ ತುತ್ತು ಹಿಡದು ತಿನಿಸಿದ್ಲು. ಉಳೀಲಿಲ್ಲ. ಇನ್ನ ದನಾ ಸಾಕ ಅಂತ ಅಣ್ಣಾ ಅಂದ. ದಂದಕ್ಯಾಗ ಬೈಕ್ ನಿಲ್ಲಸೂಣು ಅಂದ. ಅವ್ವಗ ಅರವತ್ತೆಂಟು, ಮಣಕಾಲು ನೋವು, ಅವನ ಮಾತೂ ಸುಳ್ಳಲ್ಲ. ನಾನೂ ಫೋನಿನ್ಯಾಗ ಅವನ ಕಡೇನs ಮಾತಾಡಿದೆ.

ಆ ವರ್ಷ ಅಮಾಸಿ ದಿನಾನs ಗ್ರಹಣ ಬಂದಿತ್ತು, ಸಂಜೀಕ ಸೂರ್ಯ ಒಂದು ಚೂರು ಮುರಕೊಂಡs ಮುಳಗಿದ. ಮರುದಿನ ಪಾಡ್ಯೆ. ನಾ ಊರಿಗೆ ಹೋಗಿದ್ದೆ. ಮನ್ಯಾಗ ಹೆಂಡಿ ಇಲ್ಲ. ಇಷ್ಟು ವರ್ಷದಾಗ ನಮ್ಮ ಮನ್ಯಾಗ ಪಾಂಡವರನ್ನ ಮಾಡಾಕ ಹೆಂಡಿ ಇಲ್ಲದ ಪಾಡ್ಯೆ ಅದೊಂದs. ಅವ್ವ ದಂದಕ್ಕಿ ಕಸಾ ಹೊಡದು, ಖಾಲಿ ಗ್ವಾದಲಿ ತೊಳದು, ಸುಮ್ಮನ ಕಟ್ಟಿ ಮ್ಯಾಲ ಕುಂತಿದ್ಲು. ಯಾರ ಮನೀಗೂ ಹೋಗಿ ಕೇಳಾಕ ಆಕಿಗೆ ಮನಸಿಲ್ಲ, ಆ ದಿನಾ ಹೆಂಡಿ ಹೊರಗ ಕೊಟ್ರ ಲಕ್ಷ್ಮಿ ಹೊರಗ ಹ್ವಾದಂಗ ಅಂತ ಓಣ್ಯಾಗ ಎಲ್ಲಾರೂ ನಂಬತಾರ.

ಬೆಳಕು ಹರಿಯೂ ಮೊದಲs ಬಾಜೂ ಮನಿ ಚಿಗವ್ವ ಬಂದ್ಲು, ಸೆರಗಿನ ಮರಿಗೆ ಒಂದು ಬುಟ್ಟಿ. ಇದs ಚಿಗವ್ವಗೂ ನಮ್ಮ ಅವ್ವಗೂ ಬಚ್ಚಲ ನೀರಿನ ಸಲುವಾಗಿ ಏಳೆಂಟು ವರ್ಷ ಮಾತಿದ್ದಿಲ್ಲ. ಬುಟ್ಟಿ ಕಟ್ಟಿ ಮ್ಯಾಲ ಇಟ್ಟು, "ಯಕ್ಕಾ, ನಮ್ಮೆಮ್ಮಿ ಈದು ಐದ ದಿನಾ ಆತು, ಕರಾ ಹೆಣ್ಣ. ನನಗ ಎರಡು ಸಾಕಾಕ ಆಗೂದಿಲ್ಲ" ಅಂದ್ಲು.

ಅವ್ವ ಬುಟ್ಟಿ ಒಳಗ ಒಯ್ದ್ಲು. ಪಾಂಡವರು ಆ ವರ್ಷ ತಡಾ ಆಗಿ ಕುಂತ್ರು, ಏಳು ಗಂಟೆ ಮ್ಯಾಲ. ಬುಟ್ಟಿ ಬರೇ ಹೊಳ್ಳಿ ಕೊಡಬಾರದು ಅಂತ ಅದರಾಗ ಬೆಲ್ಲ ಇಟ್ಟು ಕೊಟ್ಟು ಬಾ ಅಂತ ನನ್ನ ಕಳಿಸಿದ್ಲು. ಆ ಕರಾ ಈಗ ಮಣಕ ಆಗೇತಿ, ನಮ್ಮ ದಂದಕ್ಯಾಗ ಕಟ್ಟೇತಿ, ಈ ಸಲದ ಥಂಡಿಗೆ ಬೆದೀಗೆ ಬರಬೇಕು. ಅಣ್ಣನ ಬೈಕ್ ಇನ್ನೂ ಹೊರಗs ನಿಲ್ಲತೈತಿ.